ಘಟ್ಟ ಇಳಿಯುವ ಜೀಪಿಗೆ ಎಷ್ಟರ ಕ್ರೌನ್ ಪಿನಿಯನ್?

ಎಲ್ಲರಿಗೂ ನಮಸ್ಕಾರ.

ಇಷ್ಟು ಮಳೆಯಲ್ಲೂ ಘಟ್ಟದ ಮೇಲಿನವರು, ಕೆಳಗಿನವರು ಎಲ್ಲರೂ ಶಿರಸಿಗೆ ಬಂದಿದ್ದೀರಿ. ಒಳಗೆ ಬರುವಾಗ ಅಂಗಳದಲ್ಲಿ ನಿಂತ ಗಾಡಿಗಳನ್ನು ಒಂದು ಸುತ್ತು ನೋಡಿಕೊಂಡೇ ಬಂದೆ. ಕೆಎ 31, ಕೆಎ 30, ಕೆಎ 47 ಮೂರೂ ಇವೆ. ಅರ್ಧಕ್ಕರ್ಧ ಗಾಡಿಗಳಿಗೆ ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಟಯರ್ ಬಿದ್ದಿದೆ. ಯಾಕೆ ಹಾಕಿದ್ದೀರಿ ಎಂದು ನಾನು ಕೇಳಬೇಕಾಗಿಲ್ಲ. ಜೂನ್ ಕಳೆದ ಮೇಲೆ ನಮ್ಮ ತೋಟದ ದಾರಿಗಳ ಪಾಡು ನನಗೂ ಗೊತ್ತು. ಚಕ್ರದ ಜಾಡು ದಿನದಿಂದ ದಿನಕ್ಕೆ ಆಳವಾಗುತ್ತದೆ, ನಡುವಿನ ದಿಬ್ಬ ಹಾಗೇ ಉಳಿಯುತ್ತದೆ, ಆಕ್ಸಲ್ಲಿನ ನಡುವಿನ ಡಿಫರೆನ್ಶಿಯಲ್ ಹೊಟ್ಟೆ ಆ ದಿಬ್ಬದ ಮೇಲೆ ಕೂತುಬಿಡುತ್ತದೆ. ಆಮೇಲೆ ನಾಲ್ಕು ಚಕ್ರ ತಿರುಗಿದರೂ ರಾಡಿ ಹಾರುತ್ತದೆಯೇ ಹೊರತು ಗಾಡಿ ಹಂದುವುದಿಲ್ಲ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆ, ಆ ಹೊಟ್ಟೆ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಲು ನಮ್ಮ ಕೈಗೆಟುಕುವ ಉಪಾಯ ಟಯರ್ ಒಂದೇ. 28 ಇಂಚಿನದು ತೆಗೆದು 31ರದ್ದು ಹಾಕಿದರೆ ಒಂದೂವರೆ ಇಂಚು ಸಿಗುತ್ತದೆ. ಸೊಪ್ಪಿನ ಬೆಟ್ಟದಿಂದ ದರಕು ತುಂಬಿಕೊಂಡು ಬರುವವನಿಗೆ ಆ ಒಂದೂವರೆ ಇಂಚು ದೊಡ್ಡದು.

ಟಯರ್ ಬದಲಿಸಿದವರನ್ನು ನಾನು ಕೇಳುವುದು ಒಂದೇ. ಒಳಗಿನ ಗೇರ್ ಏನು ಮಾಡಿದಿರಿ? ಹೆಚ್ಚಿನವರು, "ಏರಿನಲ್ಲಿ ಸ್ವಲ್ಪ ಎಳೆಯುವುದಿಲ್ಲ, ಒಂದು ಗೇರ್ ಕಡಿಮೆ ಹಾಕಿಕೊಳ್ಳುತ್ತೇನೆ" ಎನ್ನುತ್ತಾರೆ. ಏರು ನನ್ನ ಚಿಂತೆಯಲ್ಲ. ಏರಿನಲ್ಲಿ ಶಕ್ತಿ ಸಾಲದಿದ್ದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಇಳಿಜಾರಿನಲ್ಲಿ ನಿಲ್ಲುವುದಿಲ್ಲ.

ನನ್ನ ಜೀಪಿನದೇ ಕತೆ ಹೇಳುತ್ತೇನೆ. 31 ಇಂಚಿನ ಟಯರ್ ಹಾಕಿದ ಮೊದಲ ಮಳೆಗಾಲ. ಚಾಲಿ ಅಡಿಕೆಯ ಮೂಟೆ ತುಂಬಿಕೊಂಡು ಕುಮಟಾಕ್ಕೆ ಹೊರಟಿದ್ದೆ, ಪಕ್ಕದಲ್ಲಿ ಭಾವ ಕೂತಿದ್ದ. ದೇವಿಮನೆ ಘಟ್ಟದ ಇಳಿಜಾರು ಶುರುವಾಗುವಲ್ಲಿ ಎಂದಿನಂತೆ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎಷ್ಟೋ ವರ್ಷ ಅದೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತಿತ್ತು. ಅಂದು ಹಿಡಿಯಲಿಲ್ಲ. ಗಾಡಿ ಮುಂದೆ ಮುಂದೆ ನೂಕುತ್ತಲೇ ಹೋಯಿತು, ತಿರುವು ತಿರುವಿಗೂ ಬ್ರೇಕ್ ಒತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಪೆಡಲ್ ಹಿಂದಿಗಿಂತ ಆಳಕ್ಕೆ ಹೋಗತೊಡಗಿತು. ಹೇಗೋ ಬದಿಗೆ ನಿಲ್ಲಿಸಿ ಇಳಿದರೆ ಲೈನರ್ ಸುಟ್ಟ ವಾಸನೆ. ಮರದಿಂದ ಉದುರಿದ ಹನಿ ಚಕ್ರದ ಸಂದಿಯಲ್ಲಿ ಡ್ರಮ್ಮಿಗೆ ತಾಗಿ, ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಎನ್ನುತ್ತಿತ್ತು. ಭಾವ ಒಂದು ಮಾತೂ ಆಡಲಿಲ್ಲ. ಹೋಗಿ ಎರಡು ಕಲ್ಲು ಎತ್ತಿ ತಂದು ಚಕ್ರಕ್ಕೆ ಕೊಟ್ಟ.

ಆ ದಿನ ಆಗಿದ್ದೇನು ಎಂಬುದನ್ನು ಲೆಕ್ಕದಲ್ಲಿ ನೋಡೋಣ. ನಿಮಗೆ ಬೇಕಾಗುವುದು ಗುಣಾಕಾರ, ಭಾಗಾಕಾರ ಮಾತ್ರ.

ಟಯರಿನ ಮೇಲೆ 215/75 ಆರ್ 15 ಎಂದು ಬರೆದಿದೆ ಎನ್ನಿ. 215 ಮಿಲಿಮೀಟರ್ ಅಗಲ, ಅದರ ನೂರಕ್ಕೆ 75ರಷ್ಟು ಪಕ್ಕದ ಗೋಡೆಯ ಎತ್ತರ, ಒಳಗೆ 15 ಇಂಚಿನ ರಿಮ್. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ ರಿಮ್. ಕೂಡಿದರೆ ಸುಮಾರು 703 ಮಿಲಿಮೀಟರ್, ಅಂದರೆ 27.7 ಇಂಚು. ಇದರ ಜಾಗಕ್ಕೆ 31 ಇಂಚಿನದು ಬಂದರೆ 31ನ್ನು 27.7ರಿಂದ ಭಾಗಿಸಿ. 1.12 ಬರುತ್ತದೆ. ಚಕ್ರ ಒಂದು ಸುತ್ತಿಗೆ ಮೊದಲಿಗಿಂತ ನೂರಕ್ಕೆ 12ರಷ್ಟು ಹೆಚ್ಚು ದೂರ ಹೋಗುತ್ತದೆ. ನಿಮ್ಮ ಎಲ್ಲ ಗೇರ್‌ಗಳೂ ಅಷ್ಟು ವೇಗದವಾದವು, ಅದಕ್ಕೆ ತಕ್ಕಷ್ಟು ಬಲ ಕಳೆದುಕೊಂಡವು. ಎಂಜಿನ್ ಹಿಡಿಯುವ ಹಿಡಿತವೂ ನೂರಕ್ಕೆ ಹತ್ತು ಹನ್ನೊಂದರಷ್ಟು ಇಳಿಯಿತು. ಇಷ್ಟೇ ಆಗಿದ್ದರೆ ಸುಧಾರಿಸಿಕೊಳ್ಳಬಹುದಿತ್ತೇನೋ. ಆದರೆ ಬ್ರೇಕಿನ ಡ್ರಮ್ ಮೊದಲಿನಷ್ಟೇ ಇದೆ, ಅದು ತಡೆಯಬೇಕಾದ ಚಕ್ರ ದೊಡ್ಡದಾಗಿದೆ, ಭಾರವೂ ಆಗಿದೆ. ಬ್ರೇಕಿನ ಹಿಡಿತದಲ್ಲೂ ಅಷ್ಟೇ ಪಾಲು ಹೋಯಿತು. ಗೇರ್ ಬದಲಿಸಿದರೆ ಎಂಜಿನ್ ಹಿಡಿತ ವಾಪಸ್ ಬರುತ್ತದೆ. ಬ್ರೇಕಿನದು ಬರುವುದಿಲ್ಲ. ಅದಕ್ಕೇ ನಾನು ಹೇಳುವುದು, ನಮ್ಮ ಘಟ್ಟದವರು ಗೇರ್ ಆರಿಸುವಾಗ ಕಳೆದುಹೋದಷ್ಟನ್ನು ಮಾತ್ರ ತುಂಬಿಕೊಂಡರೆ ಸಾಲದು, ಬ್ರೇಕಿನ ಪಾಲನ್ನೂ ಎಂಜಿನ್ ಹೊರುವಂತೆ ಒಂದು ಮೆಟ್ಟಿಲು ಮುಂದೆ ಹೋಗಬೇಕು.

ಈಗ ಆಕ್ಸಲ್ಲಿನೊಳಗೆ ಹೋಗೋಣ. ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್ ವೀಲ್. ಕ್ರೌನ್ ವೀಲಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆಕ್ಸಲ್ ಅನುಪಾತ. 41ಕ್ಕೆ 11 ಹಲ್ಲಾದರೆ 3.73. ಈ ಗಾಡಿಗೆ ಮೇಲಿನ ಲೆಕ್ಕದ ಟಯರ್ ಹಾಕಿದರೆ 3.73ನ್ನು 1.12ರಿಂದ ಗುಣಿಸಿ. 4.18 ಬಂತು. ಆದರೆ ಅಂಗಡಿಯಲ್ಲಿ 4.18 ಎಂಬ ಸೆಟ್ ಇರುವುದಿಲ್ಲ. ಸಾಮಾನ್ಯವಾಗಿ ಸಿಗುವುದು 4.10, 4.27, 4.56, 4.88, ಅದೂ ಆಯಾ ಆಕ್ಸಲ್ಲಿಗೆ ತಕ್ಕಂತೆ. ಯಾವುದನ್ನು ಹಿಡಿಯಬೇಕು?

ಗಂಟೆಗೆ 60 ಕಿಲೋಮೀಟರ್ ವೇಗ ಇಟ್ಟುಕೊಳ್ಳಿ, ನಿಮಿಷಕ್ಕೆ ಸರಿಯಾಗಿ ಒಂದು ಕಿಲೋಮೀಟರ್ ಆಗುವುದರಿಂದ ಲೆಕ್ಕ ಸಲೀಸು. ಹಳೆ ಟಯರಿನಲ್ಲಿ ಚಕ್ರ ಕಿಲೋಮೀಟರಿಗೆ 452 ಸುತ್ತು ಹಾಕುತ್ತಿತ್ತು. ನೇರ ಟಾಪ್ ಗೇರಿನಲ್ಲಿ, 3.73ರ ಆಕ್ಸಲ್ಲಿಗೆ ಎಂಜಿನ್ ನಿಮಿಷಕ್ಕೆ 1,690 ಸುತ್ತಿನ ಹತ್ತಿರ. ಹೊಸ ಟಯರ್ ಹಾಕುವುದು 404 ಸುತ್ತು, ಎಂಜಿನ್ 1,510ರ ಆಸುಪಾಸಿಗೆ ಇಳಿಯಿತು. 4.10 ಹಾಕಿದರೆ 1,660, ಹೆಚ್ಚೂ ಕಡಿಮೆ ಮೊದಲಿನ ಜಾಗ. 4.56 ಹಾಕಿದರೆ 1,840. ನಾಲ್ಕೇ ಗೇರಿನ ಹಳೆ ಡೀಸೆಲ್ ಗಾಡಿಯಲ್ಲಿ ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಓಡುವವರಿಗೆ 4.56 ಕಿವಿಗೂ ಭಾರ, ಜೇಬಿಗೂ ಭಾರ. ಅವರಿಗೆ 4.10 ಸಾಕು. ಆದರೆ ಐದನೇ ಗೇರ್ ಓವರ್‌ಡ್ರೈವ್ ಇದ್ದರೆ, ಗಾಡಿ ದಿನವೂ ಘಟ್ಟ ಹತ್ತಿ ಇಳಿಯುವುದಾದರೆ, ನಾನು ಎರಡು ಸಲ ಯೋಚಿಸದೆ 4.56 ಹಾಕುತ್ತೇನೆ. ಓವರ್‌ಡ್ರೈವ್ ಎಂಜಿನ್ ಸುತ್ತು ಇಳಿಸಿ ಬಯಲಿನ ಓಟವನ್ನು ನೋಡಿಕೊಳ್ಳುತ್ತದೆ. ದೇವಿಮನೆಯಲ್ಲಿ, ಅರಬೈಲಿನಲ್ಲಿ, ಅಣಶಿಯಲ್ಲಿ ಎರಡನೇ ಗೇರ್ ಮತ್ತೆ ಎರಡನೇ ಗೇರಿನಂತೆ ಹಿಡಿಯುತ್ತದೆ, ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಹಿಡಿಯುತ್ತದೆ.

ಹಾಗಾದರೆ 4.88 ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಈ ಅಳತೆಯ ಟಯರಿಗೆ ನಾನು ಅದನ್ನು ಹಾಕುವುದಿಲ್ಲ. ಅನುಪಾತ ಏರಿದಂತೆ ಪಿನಿಯನ್ ಹಲ್ಲು ಕಡಿಮೆಯಾಗುತ್ತ ಹೋಗುತ್ತದೆ: 11, 10, 9, 8. ಪಿನಿಯನ್ ತಲೆಯೂ ಸಣ್ಣದಾಗುತ್ತದೆ, ಒಂದೊಂದು ಹಲ್ಲಿನ ಮೇಲೂ ಹೊರೆ ಏರುತ್ತದೆ. ಮೂಟೆ ಹೇರಿಕೊಂಡು ಲೋ ಗೇರಿನಲ್ಲಿ ಕಲ್ಲು ಹತ್ತಿಸುವಾಗ ಮುರಿಯುವುದು ಅದೇ ಹಲ್ಲು.

ಹಳೆ ಜೀಪಿನವರಿಗೆ ಬೇರೆ ಮಾತು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಆಕ್ಸಲ್ 4.88. ಯುದ್ಧ ಮುಗಿದು 1945ರಲ್ಲಿ ರೈತರನ್ನೂ ಕಣ್ಣಮುಂದೆ ಇಟ್ಟುಕೊಂಡು ತಂದ ಸಿಜೆ ಜೀಪಿಗೆ ಅದನ್ನು 5.38 ಮಾಡಿದರು, 43ಕ್ಕೆ 8 ಹಲ್ಲು. ಹೊಲದಲ್ಲಿ ನೇಗಿಲು ಎಳೆಯಲಿ ಎಂದು ಕೊಟ್ಟ ಗೇರ್ ಅದು. ಮಹೀಂದ್ರದ ಹಳೆ ಜೀಪುಗಳು ಆ ವಂಶದವೇ. ನಿಮ್ಮ ಗಾಡಿಯಲ್ಲಿ 5.38 ಇದ್ದು, 28 ಇಂಚಿನಿಂದ 31ಕ್ಕೆ ಹೋದರೆ, ಫಲದಲ್ಲಿ ಅದು 4.86ರ ಗಾಡಿಯಾಗುತ್ತದೆ. ಗೇರಿಗೆ ಕೈ ಹಾಕಬೇಡಿ. ಆ ದುಡ್ಡನ್ನು ಬ್ರೇಕಿಗೆ ಹಾಕಿ. ಆದರೆ ಈ ಗಾಡಿಗಳು ಎಷ್ಟು ಕೈ ದಾಟಿ ಬಂದಿವೆಯೋ, ಯಾವ ಗ್ಯಾರೇಜಿನಲ್ಲಿ ಯಾವ ಹೌಸಿಂಗ್ ಕೂರಿಸಿದ್ದಾರೋ, ಬಾಯಿ ಮಾತು ನಂಬಿ ಸೆಟ್ ತರಿಸಬೇಡಿ. ಎಣಿಸಿ ನೋಡುವ ವಿಧಾನವಿದೆ, ಕೊನೆಯಲ್ಲಿ ಅಂಗಳದಲ್ಲೇ ತೋರಿಸುತ್ತೇನೆ.

ಇನ್ನೊಂದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ಅನುಪಾತ ಬೇಕು. "ಹಿಂದಿನದು ಈ ವರ್ಷ, ಮುಂದಿನದು ಬರುವ ವರ್ಷ ಅಡಿಕೆ ಮಾರಿದ ಮೇಲೆ" ಎಂದು ಬರುವವರಿಗೆ ನಾನು ಕೆಲಸ ಮಾಡಿಕೊಡುವುದಿಲ್ಲ. ಅಲ್ಲಿಯವರೆಗೆ ಫೋರ್ ವೀಲ್ ಹಾಕುವುದಿಲ್ಲ ಎಂದು ಮಾತು ಕೊಡುತ್ತಾರೆ. ಮಳೆ ಬಂದು ಗಾಡಿ ಹೂತಾಗ, ಮನೆಯ ಬೇರೆ ಯಾರೋ ಓಡಿಸುವಾಗ, ಕೈ ತಾನಾಗಿ ಆ ಲಿವರಿಗೆ ಹೋಗುತ್ತದೆ. ಮುಂದಿನದು ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಲು ಹೊರಟರೆ ನಡುವೆ ಸಿಕ್ಕಿಕೊಳ್ಳುವುದು ಎರಡೂ ಆಕ್ಸಲ್ಲಿಗೆ ಬಲ ಹಂಚುವ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್. 4.10, 4.11ರ ನಡುವಿನಂಥ ಕೂದಲೆಳೆಯ ವ್ಯತ್ಯಾಸ ನಡೆದೀತು. 3.73, 4.56 ನಡೆಯುವುದಿಲ್ಲ.

ಜಿಪ್ಸಿಯವರು ಟ್ರಾನ್ಸ್‌ಫರ್ ಕೇಸಿನ ಗೇರ್ ಬದಲಿಸುವ ಬಗ್ಗೆ ಕೇಳುತ್ತಾರೆ. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸಿನಿಂದ ಬೇರೆಯಾಗಿ ನಿಂತ ಪೆಟ್ಟಿಗೆಯಾದ್ದರಿಂದ ಕೆಲಸ ಸುಲಭ, ಖರ್ಚೂ ಕಡಿಮೆ. ಆದರೆ ಲೋ, ಅಂದರೆ ಅದರ ನಿಧಾನದ ಗೇರ್, ಮಾತ್ರ ಬಲವಾಗುವ ಸೆಟ್ ಹಾಕಿದರೆ ಅದರ ಉಪಯೋಗ ಕೆಸರಿಗೆ, ಕಲ್ಲಿಗೆ ಮಾತ್ರ. ಡಾಂಬರಿನ ಘಟ್ಟದಲ್ಲಿ ಫೋರ್ ವೀಲ್ ಲೋ ಹಾಕಿ ತಿರುವು ಇಳಿಯುವ ಹಾಗಿಲ್ಲ, ಟಯರಿಗೆ ಜಾರಲು ಜಾಗವಿಲ್ಲದೆ ಇಡೀ ಸಾಲು ಬಿಗಿದುಕೊಳ್ಳುತ್ತದೆ. ತೋಟದಲ್ಲೇ ಇರುವ ಜಿಪ್ಸಿಗೆ ಸರಿ, ಕುಮಟಾಕ್ಕೆ ಇಳಿಯುವುದಕ್ಕಲ್ಲ.

ಮೀಟರಿನ ಮಾತು. ದೊಡ್ಡ ಟಯರಿನಲ್ಲಿ ಮೀಟರ್ 60 ತೋರಿಸುವಾಗ ನೀವು 67ರಲ್ಲಿರುತ್ತೀರಿ. ಮೀಟರಿನ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವ ಗಾಡಿಯಲ್ಲಿ ಆಕ್ಸಲ್ ಗೇರ್ ಸರಿಹೋದರೆ ಅದೂ ಸರಿಹೋಗುತ್ತದೆ. ಚಕ್ರದ ಸೆನ್ಸರಿನಿಂದ ಓದುವ ಹೊಸ ಗಾಡಿಯಲ್ಲಿ ಸರಿಹೋಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ಸ್ವರೂಪ ಬದಲಿಸುವುದಕ್ಕೆ ಸಂಬಂಧಿಸಿದ್ದು. ಟಯರ್ ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ, ವಿಮೆಯವರಲ್ಲಿ ಕೇಳಿಕೊಳ್ಳಿ.

ಇನ್ನು ಕೂರಿಸುವ ಕೆಲಸ. ಕ್ರೌನ್, ಪಿನಿಯನ್ ಜೋಡಿಯಾಗಿಯೇ ಹುಟ್ಟುತ್ತವೆ, ಎರಡರ ಮೇಲೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ. ಒಂದನ್ನು ಅಲ್ಲಿಂದ, ಒಂದನ್ನು ಇಲ್ಲಿಂದ ತಂದು ಮದುವೆ ಮಾಡಿಸಲಾಗುವುದಿಲ್ಲ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದು ಕಾಗದದಷ್ಟು ತೆಳ್ಳಗಿನ ಶಿಮ್‌ಗಳ ಮೇಲೆ ನಿಂತಿದೆ. ಎರಡು ಹಲ್ಲುಗಳ ನಡುವಿನ ಸಡಿಲು ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ 15ರಿಂದ 25 ಭಾಗ, ಅದನ್ನು ಡಯಲ್ ಗೇಜ್ ಇಟ್ಟೇ ನೋಡಬೇಕು, ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಆಗದು. ಆಮೇಲೆ ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸುತ್ತೇವೆ. ಬಣ್ಣ ಅಳಿಸಿದ ಜಾಗವೇ ಒಂದು ಹಲ್ಲು ಇನ್ನೊಂದನ್ನು ಮುಟ್ಟಿದ ಜಾಗ. ಅದು ಹಲ್ಲಿನ ತುದಿಗೂ ಹೋಗದೆ, ಬುಡಕ್ಕೂ ಇಳಿಯದೆ, ನಡುವೆ ಉದ್ದಿನಕಾಳಿನ ಆಕಾರದಲ್ಲಿ ಬರಬೇಕು. ಒಮ್ಮೆಗೇ ಬಂದಿದ್ದು ನಾನು ಕಂಡಿಲ್ಲ. ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಕೂರಿಸಿ, ಮತ್ತೆ ಬಣ್ಣ ಹಚ್ಚಿ. ಕೆಲವು ಆಕ್ಸಲ್‌ಗಳಲ್ಲಿ ಅನುಪಾತ ಒಂದು ಗಡಿ ದಾಟಿದರೆ ಕ್ರೌನ್ ಹೊರುವ ಕೇಸೇ ಬೇರೆ ಬೇಕಾಗುತ್ತದೆ, ಅದನ್ನು ಸೆಟ್ ತರಿಸುವ ಮೊದಲೇ ವಿಚಾರಿಸಿ. ಮಧ್ಯಾಹ್ನದೊಳಗೆ ಎರಡೂ ಆಕ್ಸಲ್ ಮುಗಿಸಿ ಕೊಡುತ್ತೇನೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ. ಆ ಅವಸರದ ಫಲ ಒಂದೆರಡು ತಿಂಗಳಲ್ಲಿ ಆಕ್ಸಲ್ಲಿನ ಊಳಾಗಿ ಕೇಳುತ್ತದೆ.

ಹೊಸ ಗೇರ್ ಕೂತ ಮೇಲೆ ಮೊದಲ ದಿನ ಇಪ್ಪತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಪೂರ್ತಿ ತಣಿಯಲು ಬಿಡಿ. ಹೀಗೆ ಎರಡು ಮೂರು ಸಲ. ಮೊದಲ 800 ಕಿಲೋಮೀಟರ್ ಮೂಟೆ ಹೇರಬೇಡಿ, ಏನನ್ನೂ ಎಳೆಯಬೇಡಿ. ಆಮೇಲೆ ಎಣ್ಣೆ ಬದಲಿಸಿ. ತೆಗೆದ ಎಣ್ಣೆಯನ್ನು ಚೆಲ್ಲುವ ಮೊದಲು ಬೆರಳಲ್ಲಿ ಮುಟ್ಟಿ ನೋಡಿ. ಬೂದಿಯಂಥ ನಯ ಪುಡಿ ಇದ್ದರೆ ಸಹಜ. ಚೂರು ಕೈಗೆ ಚುಚ್ಚಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಗಾಡಿಯ ಹತ್ತಿರ ಕರೆಸಿ.

ಮಳೆ ಸ್ವಲ್ಪ ಬಿಟ್ಟಿದೆ. ಅಂಗಳದಲ್ಲಿ ಒಂದು ಜೀಪನ್ನು ಜಾಕ್ ಮೇಲೆ ನಿಲ್ಲಿಸಿದ್ದೇನೆ, ಹಿಂದಿನ ಒಂದು ಚಕ್ರ ಮಾತ್ರ ನೆಲದಿಂದ ಎದ್ದಿದೆ, ಉಳಿದವಕ್ಕೆ ಕಲ್ಲು ಕೊಟ್ಟಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ. ಟಯರಿಗೂ, ಪ್ರೊಪೆಲ್ಲರ್ ಶಾಫ್ಟಿಗೂ ಸುಣ್ಣದ ಗುರುತು ಹಾಕಿದ್ದೇನೆ. ಒಬ್ಬರು ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಇನ್ನೊಬ್ಬರು ಕೆಳಗೆ ಬಗ್ಗಿ ಶಾಫ್ಟ್ ಎಷ್ಟು ಸುತ್ತಿತು ಎಂದು ಎಣಿಸಿ. ಆ ಎಣಿಕೆಯೇ ಆಕ್ಸಲ್ ಅನುಪಾತ. ಬನ್ನಿ.