ಕಾಮಾಲೆ ಇಳೀತಿಲ್ಲ ಅಂದ್ರೆ ಲಿವರ್ ಹೋಯ್ತು ಅಂತ ಅಲ್ಲ

ಎಲ್ರಿಗೂ ನಮಸ್ಕಾರ. ಇವತ್ತು ಹೆಪಟೈಟಿಸ್ ಎ, ಅಂದ್ರೆ ಕೊಳಕು ನೀರು ಊಟದಿಂದ ಬರೋ ವೈರಸ್ಸಿಂದ ಲಿವರ್ ಊದ್ಕೊಳ್ಳೋ ಕಾಯಿಲೆ, ಅದರ ಬಗ್ಗೆ ಪೂರ್ತಿ ಮಾತಾಡಲ್ಲ, ಅದರಲ್ಲಿ ಒಂದೇ ಒಂದು ತೊಂದರೆ ತಗೊಂಡಿದೀನಿ, ಯಾಕಂದ್ರೆ ಜನ ಜಾಸ್ತಿ ಹೆದರೋದು, ಸುಮ್ನೆ ದುಡ್ಡು ಕಳ್ಕೊಳ್ಳೋದು, ಕೆಲವ್ರು ಚೆನ್ನಾಗಿ ಸುಧಾರಿಸ್ತಿರೋ ಲಿವರನ್ನ ಕೈಯಾರೆ ಕೆಡಿಸ್ಕೊಳ್ಳೋದು ಇಲ್ಲೇ. ಜ್ವರ ಹೋಗಿದೆ, ವಾಂತಿ ನಿಂತಿದೆ, ಊಟ ಸೇರ್ತಿದೆ, ಆದ್ರೆ ಕಣ್ಣಿನ ಹಳದಿ ಮಾತ್ರ ಎರಡು ತಿಂಗಳಾದ್ರೂ ಮೂರು ತಿಂಗಳಾದ್ರೂ ಹೋಗಲ್ಲ, ಮೈಯೆಲ್ಲಾ ನವೆ, ರಾತ್ರಿ ನಿದ್ದೆ ಇಲ್ಲ. ಇದಕ್ಕೆ ಕೊಲೆಸ್ಟಾಟಿಕ್ ಹೆಪಟೈಟಿಸ್, ಅಂದ್ರೆ ಪಿತ್ತ ಹರಿಯದೆ ನಿಂತಿರೋ ಲಿವರ್ ಊತ ಅಂತೀವಿ.

ಒಳಗೆ ಏನಾಗತ್ತೆ ಅಂತ ಹೇಳ್ತೀನಿ. ಲಿವರ್ ದಿನಕ್ಕೆ ಹೆಚ್ಚೂಕಮ್ಮಿ 600ರಿಂದ 1000 ಎಂಎಲ್ ಪಿತ್ತರಸ ಮಾಡತ್ತೆ. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ಒಡೆದಾಗ ಬರೋ ಬಿಲಿರುಬಿನ್ ಅನ್ನೋ ಹಳದಿ ವಸ್ತು ಕೂಡ ಈ ಪಿತ್ತರಸದ ಜೊತೆನೇ ಕರುಳಿಗೆ ಇಳಿದು ಹೋಗ್ಬೇಕು, ಮೋಷನ್‌ಗೆ ಕಂದು ಬಣ್ಣ ಬರೋದು ಅದರಿಂದಾನೇ. ಹೆಪಟೈಟಿಸ್ ಎ ವೈರಸ್ ಲಿವರ್ ಕಣಗಳ ಒಳಗೆ ಸೇರ್ಕೊಂಡಾಗ ನಮ್ಮ ದೇಹದ ರಕ್ಷಣಾ ಕಣಗಳೇ ಅಲ್ಲಿಗೆ ನುಗ್ಗಿ ಊತ ಮಾಡ್ತವೆ, ಆ ಊತದಲ್ಲಿ ಪಿತ್ತರಸವನ್ನ ಸಣ್ಣ ಸಣ್ಣ ನಾಳಕ್ಕೆ ತಳ್ಳೋ ಕೆಲಸ ಕುಂಠಿತ ಆಗತ್ತೆ. ಪೈಪ್ ಎಲ್ಲೂ ಕಟ್ಟಿಲ್ಲ, ಮೋಟರ್ ಓಡ್ತಿಲ್ಲ ಅಷ್ಟೇ. ಕೆಳಗೆ ಇಳೀಬೇಕಾದ್ದು ವಾಪಸ್ ರಕ್ತಕ್ಕೆ ಸೇರತ್ತೆ, ಅದಕ್ಕೇ ಮೂತ್ರ ಕಡು ಬಣ್ಣ, ಮೋಷನ್ ಬೂದು ಬಣ್ಣ, ಮೈಗೆ ನವೆ.

ಬಹಳಷ್ಟು ಜನಕ್ಕೆ ಹೆಪಟೈಟಿಸ್ ಎ ಎರಡು ತಿಂಗಳೊಳಗೆ ಮುಗಿದುಹೋಗತ್ತೆ. ಪಿತ್ತ ನಿಂತೋರಲ್ಲಿ ಮೂರು ತಿಂಗಳು ದಾಟಬಹುದು. ರಿಪೋರ್ಟ್ ನೋಡಿದ್ರೆ ಮೊದಲ ವಾರಗಳಲ್ಲಿ ಸಾವಿರಾರು ಇದ್ದ ಎಸ್‌ಜಿಪಿಟಿ (ಲಿವರ್ ಕಣಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಕಿಣ್ವ) ಚೆನ್ನಾಗಿ ಇಳಿದಿರತ್ತೆ, ಬಿಲಿರುಬಿನ್ ಮಾತ್ರ 10ರ ಮೇಲೆ, ಕೆಲವರಿಗೆ 20ರ ಮೇಲೂ ಕೂತಿರತ್ತೆ. ಮನೆಯವ್ರು ಆ ಒಂದು ನಂಬರ್ ನೋಡಿ ಗಾಬರಿ ಆಗ್ತಾರೆ. ನಾನು ಮೊದ್ಲು ನೋಡೋದು ಐಎನ್‌ಆರ್ ಅನ್ನೋ ರಕ್ತಪರೀಕ್ಷೆ, ನಾರ್ಮಲ್ ಅಂದ್ರೆ ಸುಮಾರು 1. ಲಿವರ್ ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್ ಮಾಡ್ತಿದ್ಯಾ ಇಲ್ವಾ ಅಂತ ಅದು ಹೇಳತ್ತೆ. ಬಿಲಿರುಬಿನ್ 18 ಇದ್ದು ಐಎನ್‌ಆರ್ ನಾರ್ಮಲ್ ಇರೋ ರೋಗಿ, ಬಿಲಿರುಬಿನ್ 8 ಇದ್ದು ಐಎನ್‌ಆರ್ 2 ಇರೋ ರೋಗಿಗಿಂತ ಎಷ್ಟೋ ಸೇಫ್. ಇನ್ನೊಂದು ಮಾತು, ಪಿತ್ತ ಕರುಳಿಗೆ ಬರದಿದ್ರೆ ಕೊಬ್ಬಿನ ಜೊತೆ ಸೇರೋ ವಿಟಮಿನ್ ಕೆ ಒಳಗೆ ಹೋಗಲ್ಲ, ಆಗ್ಲೂ ಐಎನ್‌ಆರ್ ಏರತ್ತೆ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟ ಮೇಲೆ ಅದು ಸರಿಹೋದ್ರೆ ಲಿವರ್ ಕಣಗಳು ಕೆಲಸ ಮಾಡ್ತಿವೆ ಅಂತ ಅರ್ಥ.

ಅಲ್ಟ್ರಾಸೌಂಡ್ ಮಾಡಿಸ್ಲೇಬೇಕು, ಯಾಕಂದ್ರೆ ಕಲ್ಲು ಅಥವಾ ಗಡ್ಡೆ ನಾಳ ಕಟ್ಟಿದ್ರೂ ಇದೇ ಲಕ್ಷಣಗಳು ಬರ್ತವೆ. ಪಿತ್ತನಾಳ ಹಿಗ್ಗಿಲ್ಲ, ರಕ್ತದಲ್ಲಿ ಹೆಪಟೈಟಿಸ್ ಎ ಐಜಿಎಂ (ಹೊಸದಾಗಿ ಸೋಂಕು ಆಗಿದೆ ಅಂತ ತೋರಿಸೋ ಆಂಟಿಬಾಡಿ) ಪಾಸಿಟಿವ್ ಅಂದ್ರೆ ವಿಷಯ ಬಹುಮಟ್ಟಿಗೆ ಸ್ಪಷ್ಟ. ಇಲ್ಲೊಂದು ಎಚ್ಚರಿಕೆ ಇದೆ: ಹೆಪಟೈಟಿಸ್ ಎ ಬಂದಾಗ ಪಿತ್ತಕೋಶದ ಗೋಡೆ ದಪ್ಪ ಆಗಿ ಕಾಣೋದು ತುಂಬಾ ಸಾಮಾನ್ಯ, ಅದನ್ನ ನೋಡಿ ಪಿತ್ತಕೋಶಕ್ಕೇ ಇನ್ಫೆಕ್ಷನ್ ಆಗಿದೆ, ಆಪರೇಷನ್ ಮಾಡಿ ತೆಗೀಬೇಕು ಅಂತ ಅವಸರ ಮಾಡ್ಬಾರ್ದು. ಯಾರಾದ್ರೂ ಹಾಗೆ ಹೇಳಿದ್ರೆ ಇನ್ನೊಬ್ಬ ಲಿವರ್ ಡಾಕ್ಟರ್ ಹತ್ರ ರಿಪೋರ್ಟ್ ತೋರಿಸಿ, ಇದ್ರಲ್ಲಿ ಸಂಕೋಚ ಬೇಡ.

ಮೂತ್ರ ತಿಳಿಯಾದ ಮೇಲೂ ಕಣ್ಣು ಹಳದಿ ಇದೆ ಅಂತ ತುಂಬಾ ಜನ ಕೇಳ್ತಾರೆ. ರಕ್ತದಲ್ಲಿ ಬಹಳ ದಿನ ಉಳಿದ ಬಿಲಿರುಬಿನ್ ಸ್ವಲ್ಪ ಭಾಗ ರಕ್ತದಲ್ಲಿರೋ ಆಲ್ಬುಮಿನ್ ಅನ್ನೋ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟ್ಕೊಳತ್ತೆ, ಆಲ್ಬುಮಿನ್ ಸವೆಯೋವರೆಗೂ ಅದು ಬಿಡಲ್ಲ, ಅರ್ಧ ಆಗೋಕೇ ಎರಡು ಮೂರು ವಾರ ಬೇಕು. ಕಾಯಿಲೆ ಹೋದ ಮೇಲೂ ಬಣ್ಣ ಉಳಿಯೋದು ಹೀಗೆ.

ನವೆಗೆ ಅಲರ್ಜಿ ಮಾತ್ರೆ ನುಂಗಿದ್ರೆ ನಿದ್ದೆ ಬರಬಹುದೇ ಹೊರತು ನವೆ ಅಷ್ಟಾಗಿ ಹೋಗಲ್ಲ. ಕೊಲೆಸ್ಟೈರಮಿನ್ ಅನ್ನೋ ಪುಡಿ ಕರುಳಲ್ಲೇ ಪಿತ್ತದ ಲವಣಗಳನ್ನ ಹಿಡ್ಕೊಳತ್ತೆ, ಆದ್ರೆ ಬೇರೆ ಮಾತ್ರೆಗಳನ್ನೂ ಹಿಡ್ಕೊಂಡ್ಬಿಡತ್ತೆ, ಅದಕ್ಕೆ ಉಳಿದ ಮಾತ್ರೆ ಒಂದು ಗಂಟೆ ಮುಂಚೆ ಇಲ್ಲಾ ನಾಲ್ಕಾರು ಗಂಟೆ ಆದ್ಮೇಲೆ. ಪಿತ್ತ ಹರಿಯೋಕೆ ಅಂತ ಉರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆನೂ ಕೊಡ್ತೀವಿ. ಸ್ಟೀರಾಯ್ಡ್ ಬಗ್ಗೆ ಹುಷಾರು, ಹಳದಿ ಬೇಗ ಇಳಿಸಬಹುದು, ಆದ್ರೆ ಕಾಯಿಲೆ ಮರುಕಳಿಸೋ ಭಯ ಇದೆ, ಆ ತೀರ್ಮಾನ ಸ್ಪೆಷಲಿಸ್ಟ್ ಮಾಡ್ಲಿ. ಗರ್ಭನಿರೋಧಕ ಮಾತ್ರೆ ತಗೊಳ್ಳೋ ಹೆಣ್ಮಕ್ಕಳು ಡಾಕ್ಟರ್‌ಗೆ ತಪ್ಪದೆ ಹೇಳಿ, ಅವು ಪಿತ್ತದ ಹರಿವನ್ನ ಇನ್ನೂ ನಿಧಾನ ಮಾಡಬಹುದು.

ಈಗ ಮನಸ್ಸಿಗೆ ನೋವಾಗೋ ವಿಷಯ. ಹಳದಿ ಇಳೀಲಿಲ್ಲ ಅಂತ ಇವತ್ತಿಗೂ ಕೈಮೇಲೆ ಬರೆ ಹಾಕಿಸ್ತಾರೆ. ಬರೆಯಿಂದ ಪಿತ್ತ ಹರಿಯಲ್ಲ, ಸುಟ್ಟ ಗಾಯ ಕೀವು ಆಗತ್ತೆ ಅಷ್ಟೇ. ನಾಟಿ ಔಷಧಿ ಏನಾಗಲ್ಲ ಅನ್ನೋ ನಂಬಿಕೆನೂ ಬೇಡ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟೋರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲೇ ವರದಿ ಮಾಡಿದಾರೆ. ಆಮೇಲೆ ಪಥ್ಯ! ಎಣ್ಣೆ ಇಲ್ಲ ಉಪ್ಪಿಲ್ಲ ಬೇಳೆ ಇಲ್ಲ ಅಂತ ಬರೀ ಗಂಜಿಯಲ್ಲಿ ತಿಂಗಳುಗಟ್ಟಲೆ ಇಟ್ರೆ ಆ ಮನುಷ್ಯ ಸುಧಾರಿಸೋದು ಹೇಗೆ? ಅರಿಶಿನ ಹಾಕಿದ ಸಾರು ತಿಂದ್ರೆ ಕಣ್ಣು ಹಳದಿ ಆಗಲ್ಲ. ಮಾಮೂಲಿ ಮನೆ ಊಟ ಕೊಡಿ, ಸಾರಾಯಿ ಮಾತ್ರ ಬೇಡವೇ ಬೇಡ.

ಹಾಗಂತ ಸುಮ್ನೆ ಕೂರೋದೂ ಅಲ್ಲ. ಮಾತು ತೊದಲೋದು, ಹಗಲೆಲ್ಲಾ ಮಂಪರು, ಗೊಂದಲ, ಮೂಗು ಒಸಡಿನಿಂದ ರಕ್ತ, ಹೊಟ್ಟೆ ಊದೋದು, ಚಳಿ ಜ್ವರ ಇವು ಕಂಡ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲಿವರ್ ಫೇಲ್ಯೂರ್ ಹೆಪಟೈಟಿಸ್ ಎಯಲ್ಲಿ ನೂರಕ್ಕೆ ಒಬ್ಬರಿಗಿಂತ ಕಮ್ಮಿ, ಆದ್ರೆ ಬಂದ್ರೆ ಗಂಟೆಗಳ ಲೆಕ್ಕ.

ನಾನು ಚಿಕ್ಕವನಿದ್ದಾಗ ಹೆಪಟೈಟಿಸ್ ಎ ಮಕ್ಕಳ ಕಾಯಿಲೆ ಅಂತಿದ್ರು, ಆರು ವರ್ಷದೊಳಗಿನ ಬಹಳಷ್ಟು ಮಕ್ಕಳಿಗೆ ಬಂದದ್ದೂ ಗೊತ್ತಾಗಲ್ಲ. ನೀರು ಸ್ವಲ್ಪ ಶುದ್ಧ ಆದ ಕಡೆ ಬಾಲ್ಯದಲ್ಲಿ ಸೋಂಕು ತಗುಲದೆ ದೊಡ್ಡೋರಾದ ಮೇಲೆ ತಗುಲತ್ತೆ, ಆಗ ಜೋರಾಗೇ ಬರತ್ತೆ. 2024ರಲ್ಲಿ ಪಕ್ಕದ ಕೇರಳದ ಮಲಪ್ಪುರಂ, ಎರ್ನಾಕುಲಂ ಕಡೆ ಹಬ್ಬಿದ್ದು ನಿಮಗೆ ನೆನಪಿರಬಹುದು. ಲಸಿಕೆ ಇದೆ, ಸರ್ಕಾರದ ಉಚಿತ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ, ಸೇರಬೇಕು ಅಂತ ನನ್ನ ಆಸೆ. ಮನೇಲಿ ಒಬ್ಬರಿಗೆ ಬಂದ್ರೆ ಉಳಿದೋರು ಎರಡು ವಾರದೊಳಗೆ ಲಸಿಕೆ ಹಾಕಿಸ್ಕೊಂಡ್ರೆ ಕಾಯಿಲೆ ತಪ್ಪಿಸೋ ಅವಕಾಶ ಇದೆ, ಅದಕ್ಕೆ ಒಬ್ಬರ ರಿಪೋರ್ಟ್ ಪಾಸಿಟಿವ್ ಬಂದ ದಿನವೇ ಮಿಕ್ಕವರ ಬಗ್ಗೆ ಡಾಕ್ಟರ್ ಹತ್ರ ಕೇಳಿ. ಈಗ ನಿಮ್ಮ ಪ್ರಶ್ನೆಗಳಿದ್ರೆ ಹೇಳಿ, ಮನೇಲಿ ರಿಪೋರ್ಟ್ ಇರೋರು ಐಎನ್‌ಆರ್ ಎಷ್ಟಿದೆ ಅಂತ ನೋಡ್ಕೊಂಡು ಕೇಳಿ.