ಎಷ್ಟು ಸಲ ಗೆದ್ರು ಅನ್ನೋದು ಬಿಡಿ, ಸದನದಲ್ಲಿ ಏನು ಕೇಳಿದ್ರು?

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ರು ಕೇಳಿದ್ದಾರೆ: ಮಲ್ಲಿಕಾರ್ಜುನ ಖರ್ಗೆಯವರು ಸತತ 9 ಸಲ ವಿಧಾನಸಭೆ ಗೆದ್ರು, ಬಸವರಾಜ ಹೊರಟ್ಟಿಯವರು 8 ಸಲ ವಿಧಾನ ಪರಿಷತ್ತಿಗೆ ಬಂದ್ರು, ಶಾಸಕರ ಸನ್ಮಾನಕ್ಕೆ ಇನ್ನೇನ್ರೀ ಬೇಕು ಅಂತ. ಬೇಕು ಸ್ವಾಮಿ. ದೊಡ್ಡ ದಾಖಲೆನೇ, ಆದ್ರೆ ಗೆಲುವು ಮತದಾರ ಕೊಟ್ಟಿದ್ದು. ಸದನದಲ್ಲಿ ಆಡಿದ ಮಾತು ಶಾಸಕರ ಸ್ವಂತದ್ದು. ಗೌರವ ಸಲ್ಲಬೇಕಾದ್ದು ಅದಕ್ಕೆ.

ನಮ್ಮಲ್ಲಿ ಸನ್ಮಾನ ಅಂದ್ರೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಕ್ರೇನ್‌ನಲ್ಲಿ ಎತ್ತಿದ ಸೇಬಿನ ಹಾರ. ಜೊತೆಗೊಂದು ಅಭಿನಂದನ ಗ್ರಂಥ. ಆಶೀರ್ವಚನ, ಶುಭ ಸಂದೇಶ, ಬಣ್ಣದ ಫೋಟೋ, 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಅಂತ ಸಾಲುಸಾಲು ಲೇಖನ. ಅವರು ಸದನದಲ್ಲಿ ಕೇಳಿದ ಒಂದೇ ಒಂದು ಪ್ರಶ್ನೆ ಹುಡುಕಿದ್ರೂ ಸಿಗಲ್ಲ!

ಗ್ರಂಥ ಮಾಡೋರು ಮೊದಲು ಸದನದ ನಡವಳಿ ಸಂಪುಟ, ಅಂದ್ರೆ ಅಲ್ಲಿ ಆಡಿದ ಮಾತಿನ ದಾಖಲೆ ಹಿಡೀಬೇಕು. ಚುಕ್ಕೆ ಗುರುತಿನ ಪ್ರಶ್ನೆ ಬೇರೆ ತೆಗೀರಿ. ಅದಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಶಾಸಕರು ಉಪಪ್ರಶ್ನೆ ಹಾಕಬಹುದು. ಅವರ ತಯಾರಿ ಎಷ್ಟಿತ್ತು ಅಂತ ಗೊತ್ತಾಗೋದೇ ಆ ಉಪಪ್ರಶ್ನೆಯಲ್ಲಿ. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಎರಡನ್ನೂ ಕಲಸಿ ಎಣಿಸಿದ್ರೆ ಲೆಕ್ಕ ಕೆಟ್ಟೋಗುತ್ತೆ. 'ಕ್ರಮ ಕೈಗೊಳ್ಳುತ್ತೇವೆ' ಅಂತ ಮಂತ್ರಿ ಅಂದ ಕಡೆ ಗುರುತು ಹಾಕಿ, ಅದು ಈಡೇರಿತಾ ಅಂತ ಭರವಸೆಗಳ ಸಮಿತಿ (ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತಿನ ಬೆನ್ನು ಹತ್ತೋ ಸದನದ ಸಮಿತಿ) ವರದಿಯಲ್ಲಿ ನೋಡಿ. 'ಪರಿಶೀಲನೆಯಲ್ಲಿದೆ' ಅಂತ ಉತ್ತರ ಬಂದಿದ್ರೆ, ಮುಂದಿನ ಅಧಿವೇಶನದಲ್ಲಿ ಇವರು ಮತ್ತೆ ಕೇಳಿದ್ರಾ? ಅಲ್ಲೇ ಬಹಳ ಜನ ಕೈಬಿಡೋದು. ಲೆಕ್ಕಪತ್ರ ಸಮಿತಿಯಲ್ಲಿ ಕೂತಿದ್ರೆ ಅದನ್ನೂ ಬರೀರಿ. ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ಆಕ್ಷೇಪ ಹಿಡಿದು ಅಧಿಕಾರಿಗಳನ್ನ ಕೇಳೋ ಕೆಲಸಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ.

'ಇದನ್ನೆಲ್ಲ ಯಾರು ಓದ್ತಾರೆ' ಅಂತೀರಾ? ಸೇಬಿನ ಹಾರ ಎಷ್ಟು ದಿನ ಇರುತ್ತೆ, ಹೇಳಿ! ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದಿದ್ದು ಮೂರೇ ಸಲ: 1952, 1962, 1967. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತ ಸದನದಲ್ಲಿ ಪಟ್ಟು ಹಿಡಿದ್ರು. 1972ರಲ್ಲಿ ತೀರಿಕೊಂಡ್ರು. ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ವಿಧಾನಸೌಧದ ಹತ್ತಿರ ಗೋಪಾಲಗೌಡ ಸರ್ಕಲ್ ಸಿಗ್ನಲ್‌ನಲ್ಲಿ ದಿನಾ ನಿಲ್ತೀವಲ್ಲ, ಅವರೇ ಇವರು. ಮೂರು ಗೆಲುವು ಅಂತ ಯಾರಾದ್ರೂ ನೆನಪಿಟ್ಟಿದ್ದಾರಾ? ಇಲ್ಲ! ಸದನದಲ್ಲಿ ಏನು ಕೇಳಿದ್ರು, ಅದನ್ನ ನೆನಪಿಟ್ಟಿದ್ದಾರೆ.

'ರಸ್ತೆ ಮಾಡಿಸಿದ್ದಾರೆ' ಅಂತ ಇನ್ನೊಬ್ರು. ಮಾಡಿಸಲಿ! ಸದನದಲ್ಲಿ ಏನು ಕೇಳಿದ್ರು? ಹಾರ ಹಾಕಿ, ಪೇಟ ಇಡಿ, ಆದ್ರೆ ಅದೇ ವೇದಿಕೆ ಮೇಲೆ ಅವರ ಒಂದು ಪ್ರಶ್ನೆ, ಒಂದೇ ಒಂದು, ಜೋರಾಗಿ ಓದಿ! ನಿಮ್ಮ ಶಾಸಕರು ಕೇಳಿದ್ದು ಯಾವ್ದಾದ್ರೂ ಗೊತ್ತಿದ್ರೆ ಕಾಮೆಂಟ್‌ನಲ್ಲಿ ಹಾಕಿ, ಮುಂದಿನ ಸಂಚಿಕೆಯಲ್ಲಿ ನಾನೇ ಓದ್ತೀನಿ. ಸಬ್‌ಸ್ಕ್ರೈಬ್ ಮಾಡಿರಿ.