ಪಾಮ್, ಪಾಕೆಟ್ ಪಿಸಿ ಮತ್ತು ಅಜ್ಜಿಯ ಹಾಡು

ಎಲ್ಲರಿಗೂ ನಮಸ್ಕಾರ. ಇವತ್ತು ಎರಡು ಹಳೇ ಅಂಗೈ ಕಂಪ್ಯೂಟರ್‌ಗಳನ್ನು ನೋಡೋಣ. ಎಡಗಡೆ ಇರುವುದು 1998ರ ಪಾಮ್ III. ಬಲಗಡೆಯದು ಒಂದು ಪಾಕೆಟ್ ಪಿಸಿ, ಅದಕ್ಕಿಂತ ಮೂರ್ನಾಲ್ಕು ವರ್ಷ ಚಿಕ್ಕದು. ಎರಡೂ ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಎಸ್.ಪಿ. ರೋಡಿನಲ್ಲಿ ಸಿಕ್ಕಿದವು.

ಬಟನ್ ಒತ್ತಿದೆ, ಪಾಮ್ ಆನ್ ಆಯ್ತು. ನೋಡಿದ್ರಲ್ಲಾ, ಕಾಯುವ ಮಾತೇ ಇಲ್ಲ. ಮೆಮೊರಿ ಬರೀ 2 ಎಂಬಿ. ರಿಮೋಟಿಗೆ ಹಾಕುವಂಥ ಎರಡು ಸಣ್ಣ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತದೆ. ಪಾಮ್ ಕಟ್ಟಿದ ಜೆಫ್ ಹಾಕಿನ್ಸ್ ಮೊದಲು ಇದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು. ಯಾರಾದರೂ ಯಾವಾಗ ಸಿಗೋಣ ಅಂದರೆ ಅದನ್ನು ತೆಗೆದು ಬರೆಯುವ ಹಾಗೆ ಮಾಡುತ್ತಿದ್ದರಂತೆ. ಜನಕ್ಕೆ ಏನು ಬೇಕು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣುವುದಿಲ್ಲ.

ಈಗ ಪರದೆಯ ಮೇಲೆ ಅದರ ಪೆನ್ನಿನಂಥ ಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ಇದು ಗ್ರಾಫಿಟಿ, ಪಾಮ್‌ಗೆ ಅರ್ಥವಾಗುವ ಸರಳ ಇಂಗ್ಲಿಷ್ ಕೈಬರಹ. ಎ ಅಕ್ಷರಕ್ಕೆ ನಡುವಿನ ಅಡ್ಡಗೆರೆ ಇಲ್ಲ, ಮನೆಯ ಮಾಡಿನ ಹಾಗೆ ಒಂದೇ ಎಳೆತ. ಅರ್ಧ ಗಂಟೆಯಲ್ಲಿ ಕೈಗೆ ಬಂತು. ನನ್ನ ಓಟು ಪಾಮ್‌ಗೇ.

ಇಲ್ಲ, ತಡೀರಿ. ಪಾಕೆಟ್ ಪಿಸಿಯಲ್ಲಿ ಬಣ್ಣದ ಪರದೆ, ವರ್ಡ್, ಎಕ್ಸೆಲ್, ಹಾಡು ಕೇಳಲು ಪ್ಲೇಯರ್, ಎಲ್ಲಾ ಇದೆ. ಮೈಕ್ ಕೂಡ ಇದೆ. ಪಾಮ್ III‌ಗೆ ಮೈಕೇ ಇಲ್ಲ.

ಆ ಮೈಕ್ ನಂಬಿ ಊರಿಗೆ ತೆಗೆದುಕೊಂಡು ಹೋದೆ. ಅಜ್ಜಿ ಸೋಬಾನೆ ಪದ ಹಾಡಿದರು, ಹತ್ತು ನಿಮಿಷ. ಬ್ಯಾಗಿನಲ್ಲಿಟ್ಟೆ. ಎರಡು ದಿನ ಬಿಟ್ಟು ಚಾರ್ಜ್ ಹಾಕಿದರೆ ಹೊಸದಾಗಿ ಕೊಂಡವರಿಗೆ ಬರುವ ಹಾಗೆ ಪರದೆಯ ಮೇಲೆ ಪ್ಲಸ್ ಗುರುತು ಬಂತು, ಕಡ್ಡಿಯಿಂದ ಮುಟ್ಟಿ ಅಂತ. ಹಾಡು ಹೋಗಿತ್ತು. ಹಳೇ ಬ್ಯಾಟರಿ ಪೂರ್ತಿ ಇಳಿದಿತ್ತು. ಆ ಕಾಲದ ಈ ಯಂತ್ರಗಳಲ್ಲಿ ನಾವು ಬರೆದದ್ದು, ಹಾಡಿದ್ದು ಉಳಿಯುವುದು ರ‍್ಯಾಮ್‌ನಲ್ಲಿ, ಅಂದರೆ ಕರೆಂಟು ಇರುವವರೆಗೆ ಮಾತ್ರ ನೆನಪಿಡುವ ಮೆಮೊರಿಯಲ್ಲಿ. ಕರೆಂಟು ಸತ್ತರೆ ಅದೂ ಸತ್ತಂತೆ. ಪಾಮ್ ಕೂಡ ಹಾಗೇ. ನನಗೆ ತುಂಬಾ ಹೊಟ್ಟೆ ಉರೀತು. ಅಜ್ಜಿ ಬೇಜಾರಿಲ್ಲದೆ ಮತ್ತೆ ಹಾಡಿದರು, ಈ ಸಾರಿ ಫೋನಿಗೆ. ಆದರೆ ನಡುವಿನ ಒಂದು ನುಡಿ ಅವರಿಗೆ ನೆನಪಾಗಲೇ ಇಲ್ಲ.

ಬೇಗ ಆನ್ ಆಗಬೇಕು, ಇಟ್ಟದ್ದು ಇಟ್ಟ ಹಾಗೆ ಇರಬೇಕು, ನಮ್ಮ ಭಾಷೆ ಬರಬೇಕು. ನಾನು ಕೇಳುವುದು ಇಷ್ಟೇ. ಈ ಎರಡರಲ್ಲೂ ಕನ್ನಡ ಇಲ್ಲ. ಕನ್ನಡದ ಯೋಚನೆ ಮಾಡಿದ್ದು ನಮ್ಮ ಬೆಂಗಳೂರಿನ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು, ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ಮಾಡಿದ್ದು. ಒಳಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಊರಿಗೆ ಒಂದೇ ಯಂತ್ರ ಇದ್ದರೂ ಒಬ್ಬೊಬ್ಬರಿಗೂ ತಮ್ಮದೇ ಸ್ಮಾರ್ಟ್ ಕಾರ್ಡ್. ಓದು ಬಾರದವರಿಗೆ ಬರೆದದ್ದನ್ನು ಓದಿ ಹೇಳುವ ಧ್ವನಿಯೂ ಇತ್ತು. 2004ರಲ್ಲಿ ಸರ್ಕಾರಿ ಕಂಪನಿ ಬಿಇಎಲ್ ಜೊತೆ ಸೇರಿ ಅಮಿಡಾ ಅಂತ ಮಾರುಕಟ್ಟೆಗೆ ಬಂತು. ಹೆಚ್ಚು ಮಾರಾಟವಾಗಲಿಲ್ಲ, ಅದು ನನಗೆ ನಿಜವಾಗಿಯೂ ನೋವು.

ನಿಮ್ಮ ಮನೆಯಲ್ಲಿ ಯಾರ ಹತ್ತಿರವಾದರೂ ಅಮಿಡಾ ಇದ್ದರೆ ಕಾಮೆಂಟ್ ಹಾಕಿ. ಅದು ಕನ್ನಡ ಓದುವುದನ್ನು ನಾನು ಒಮ್ಮೆ ಕೇಳಬೇಕು.

ಓ, ಪಾಮ್ ಸೆಲ್ ಕೇಳ್ತಿದೆ. ಹಳೇದು ತೆಗೆದು ಹೊಸದು ಹಾಕಲು ಸುಮಾರು ಒಂದು ನಿಮಿಷ ಅಷ್ಟೇ ಸಿಗುತ್ತದೆ. ಬಂದೆ.